ಲೋಟದ ನೀರು

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಹಿಂದಿನ ಓಣಿ.
ಖಮರುನ್ನೀಸಾ ಅವರ ಮಹಡಿಗೆ ಟೈಲ್ಸ್ ಹಾಕಲು ಹೋದ ನಾನು
ಮೊದಲು ಕೇಳಿದ್ದು ಒಂದು ಲೋಟ ನೀರು.
ಕುಡಿಯೋಕಲ್ಲ.

ಹಲಗೆ ನೆಲದ ನಟ್ಟನಡುವೆ ಅದನ್ನಿಟ್ಟು
ಗೋಡೆಯಿಂದ ಗೋಡೆಗೆ ಬರಿಗಾಲಲ್ಲಿ ನಡೆದೆ,
ಮಲಗಿದ ಮಗುವನ್ನು ದಾಟುವ ಹಾಗೆ.
ನೀರು ನಡುಗಿತು.
ಇನ್ನೊಂದು ಸಲ, ಮಾಮೂಲಿ ನಡಿಗೆ.
ನೀರು ಅಂಚು ದಾಟಿತು.

"ಟೈಲ್ಸ್ ತಂದಾಗಿದೆಯಲ್ಲ ಮೇಸ್ತ್ರಿ" ಅಂದರು.
ಇಪ್ಪತ್ತೆರಡು ಡಬ್ಬಿ, ನಾಟಿ ಮೊಟ್ಟೆಯ ಬಣ್ಣ,
ಮಗಳು ನಾಜ್ನೀನಳ ಬ್ಯೂಟಿ ಪಾರ್ಲರಿಗೆ.
ಶುಕ್ರವಾರ ಕನ್ನಡಿ ಬರುತ್ತದಂತೆ.
ಬರಲಿ.
ಮೌನಾಚಾರಿ ಬರದೆ ನಾನು ಕರಣೆ ಮುಟ್ಟೋದಿಲ್ಲ.

ಯಾಕೆಂದರೆ ಒಮ್ಮೆ ಮುಟ್ಟಿದ್ದೆ.
ಚಿಂತಾಮಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಅಟ್ಟ.
ಮರ ಕಬ್ಬಿಣ ಇದ್ದಂಗಿದೆ ಅಂತ ಸಾಹುಕಾರ ಹಿಮ್ಮಡಿಯಿಂದ ಗುದ್ದಿ ತೋರಿಸಿದ.
ನಾನೂ ಗುದ್ದಿದೆ. ನನಗೂ ಕಬ್ಬಿಣವೇ ಅನ್ನಿಸಿತು,
ಆ ತಿಂಗಳು ಬೇರೆ ಕೆಲಸ ಇರಲಿಲ್ಲ.
ನಾಲ್ಕನೇ ತಿಂಗಳು ಕರೆಸಿದ.
ಬಿರುಕು, ನೂಲು ಹಿಡಿದು ಎಳೆದಷ್ಟು ನೇರ,
ಒಂದೊಂದು ಜಂತೆಯ ನೆತ್ತಿಯ ಮೇಲೂ ಒಂದೊಂದು,
ಅಡಿಗಿರುವ ಮರದ ನಕ್ಷೆಯನ್ನು ಯಾರೋ ಮೇಲೆ ಬರೆದಿಟ್ಟ ಹಾಗೆ.
ಟೈಲ್ಸಿಗೆ ಬಾಗಲು ಬಾರದು. ಮರಕ್ಕೆ ಬಾಗದಿರಲು ಬಾರದು.
ಎರಡನ್ನೂ ಒಂದೇ ಸಿಮೆಂಟಿನಲ್ಲಿ ಕಟ್ಟಿಹಾಕಿದವನು ನಾನು.

ಮೌನಾಚಾರಿ ಹೆಸರಿಗೆ ತಕ್ಕವನಲ್ಲ.
ನಾಲ್ಕು ಹಲಗೆ ಎಬ್ಬಿಸುವಷ್ಟರಲ್ಲಿ
ಹಿಂದಿನ ಬಡಗಿಯ ಏಳು ತಲೆಮಾರನ್ನು ತೆಲುಗಿನಲ್ಲಿ ಬೈದು ಮುಗಿಸಿದ.
ಕೆಳಗೆ ರೀಲಿಂಗ್ ನಡೆಯುತ್ತಿದ್ದ ಕಾಲದ ಹಬೆ,
ಮೂವತ್ತು ವರ್ಷ ಗೂಡು ಬೆಂದ ಹಬೆ,
ಮೇಲೇರಿ ಮರದೊಳಗೆ ಕೂತಿತ್ತು.
ಉಳಿಯ ತುದಿ ತಾಗಿಸಿದರೆ ಮೂರನೇ ಜಂತೆ
ಟೀಯಲ್ಲಿ ನೆನೆದ ರಸ್ಕಿನ ಹಾಗೆ ಬಿತ್ತು.
ಗೋಡೆಯ ಸಂದಿನಲ್ಲಿ ಒಂದು ಗೂಡು ಸಿಕ್ಕಿತು,
ತುದಿಯಲ್ಲಿ ತೂತು, ಒಳಗೆ ಏನಿಲ್ಲ.
ಖಮರುನ್ನೀಸಾ ಅದನ್ನು ಅಂಗೈಯಲ್ಲಿ ಉರುಳಿಸಿ
"ಇದೊಂದು ತಪ್ಪಿಸಿಕೊಂಡಿದೆ ನೋಡಿ" ಅಂದರು.
ಎಷ್ಟು ಲಕ್ಷ ಬೇಯಿಸಿದ ಮನೆಯೋ.
ಬಡಗಿ ಕೂಡ ಒಂದು ನಿಮಿಷ ಬಾಯಿ ಮುಚ್ಚಿದ.

ಮೂರನೆಯದನ್ನು ಕಿತ್ತು ಹೊಸದು ಕೂರಿಸಿದ.
ಮಿಕ್ಕವನ್ನು ಕೀಳಲಿಲ್ಲ;
ಒಂದೊಂದರ ಮಗ್ಗುಲಿಗೂ ಹೊನ್ನೆಯ ಒಂದು ಜಂತೆ,
ಪಕ್ಕೆಗೆ ಪಕ್ಕೆ ಒತ್ತಿ ಬೋಲ್ಟು ತೂರಿಸಿ ಬಿಗಿದ.
ನಡುನಡುವೆ ಅಡ್ಡ ತುಂಡುಗಳು, ಯಾವುದೂ ಹೊರಳದಂತೆ.
ಮೊಳೆ ಕೊಟ್ಟರೆ ಎಸೆದ. ಸ್ಕ್ರೂ ಬೇಕು ಅವನಿಗೆ.
ಮೊಳೆ ಕಾಲ ಕಾಲಕ್ಕೆ ಕೂದಲೆಳೆಯಷ್ಟು ಮೇಲೇಳುತ್ತದೆ,
ರಾತ್ರಿ ಕಿರ್ ಅನ್ನುವುದು ದೆವ್ವವಲ್ಲ, ಅದು.

ಶುಕ್ರವಾರ ಕನ್ನಡಿ ಬಂದೇ ಬಂತು.
ನಾಲ್ಕು ಜನ ಹೊತ್ತು ತಂದು ಗೋಡೆಗೆ ಒರಗಿಸಿದರು.
ಅದರೊಳಗೂ ನೆಲವಿಲ್ಲ:
ಜಂತೆಗಳ ಸಾಲು, ಆಚಾರಿಯ ಬೆವತ ಬೆನ್ನು,
ಜಂತೆ ಮೇಲೆ ಹೆಜ್ಜೆ ಇಟ್ಟು ಇಟ್ಟು ಬಂದ ನಾಜ್ನೀನಳ ಸಪ್ಪೆ ಮುಖ.

ಆಮೇಲೆ ದಪ್ಪ ಪ್ಲೈವುಡ್, ಹಾಳೆ ಹಾಳೆಯ ನಡುವೆ ಉಗುರು ದಪ್ಪದ ಸಂದು.
"ಅಷ್ಟೆಲ್ಲ ಬಿಗಿದು ಇಲ್ಲಿ ಯಾಕೆ ಬಿಟ್ಟಿರಿ?" ಅಂದಳು.
"ಶ್ರಾವಣದಲ್ಲಿ ಮರ ಊದ್ಕೊಳ್ತದಮ್ಮ.
ಮಗ್ಗುಲು ಬದಲಾಯಿಸೋಕೆ ಜಾಗ ಬೇಕಲ್ಲ ಅದಕ್ಕೂ."

ಭಾನುವಾರ ಮತ್ತೆ ಲೋಟ.
ಮೌನಾಚಾರಿ ಪಂಚೆ ಎತ್ತಿ ಕಟ್ಟಿ
ತನ್ನ ತೊಂಬತ್ತು ಕೆಜಿಯನ್ನೂ ಮೇಲಕ್ಕೆಸೆದು ಇಳಿಸಿದ, ಎರಡು ಸಲ.
ನೀರಿಗೆ ಗೊತ್ತೇ ಆಗಲಿಲ್ಲ.
ಅವನೇ ಎತ್ತಿ ಗಟಗಟ ಕುಡಿದ, ಮೇಲೆ ಬಿದ್ದ ಹೊಟ್ಟಿನ ಸಮೇತ.

ಸೋಮವಾರದಿಂದ ನನ್ನ ಕೆಲಸ: ಸಿಮೆಂಟ್ ಶೀಟು, ಅಂಟು, ಟೈಲು, ಗ್ರೌಟು.
ಬಂದವರು ಬಣ್ಣ ಚೆನ್ನಾಗಿದೆ ಅನ್ನುತ್ತಾರೆ.
ಹೊನ್ನೆಯ ಹೆಸರು ಬಿಲ್ಲಿನಲ್ಲಿ ಮಾತ್ರ ಇದೆ,
ಅದನ್ನೂ ಚೌಕಾಸಿ ಮಾಡಿ ಎಂಟುನೂರು ಇಳಿಸಿದರು.

ಚಿಂತಾಮಣಿಗೆ ಹೋದರೆ
ಆ ಬಟ್ಟೆ ಅಂಗಡಿಯ ಬೀದಿಯನ್ನು
ಇವತ್ತಿಗೂ ಸುತ್ತಿಕೊಂಡು ಹೋಗುತ್ತೇನೆ.